ಅನ್ವಯವಾಗದ್ದನ್ನು ಹೊಡೆದುಹಾಕಿ

ಬೇಳದ ತಿರುವಿನಲ್ಲಿ ಬೈಕು ನಿಲ್ಲಿಸಿ
ಮಫ್ತಿ ಅಂಗಿಯ ಕಿಸೆ ತಟ್ಟಿಕೊಂಡೆ.
ಪೆನ್ನು ಉಂಟು, ಕಾಗದ ಉಂಟು,
ಮೇಲಿನಿಂದ ಬಂದ ಫೈಲು ಉಂಟು:
ನೌಕಾನೆಲೆಯ ವರ್ಕ್‌ಶಾಪಿಗೆ ಆಯ್ಕೆಯಾದವಳು
ಲವೀನಾ ಕ್ರಾಸ್ತಾ, ಇಪ್ಪತ್ತಾರು,
ರಾಡಾರಿನ ತಂತಿ ಬೆಸೆಯುವ ಕೆಲಸ.
ನಾನು ಕೇಳುವುದು ಕನ್ನಡದಲ್ಲಿ,
ಅವರು ಒಳಗೊಳಗೆ ಗುಸುಗುಟ್ಟುವುದು ಕೊಂಕಣಿಯಲ್ಲಿ,
ಬರೆದು ಕಳಿಸುವುದು ಮಲಯಾಳದಲ್ಲಿ.

ಮೊದಲು ನೆರೆಕರೆ. ಅದು ಕ್ರಮ.
ಅಂಗಡಿಯ ಅಂದುಞಿ ತಕ್ಕಡಿ ಬಿಟ್ಟು ಎದ್ದ:
‘ಆ ಹುಡುಗಿಯಾ? ನಮ್ಮ ಮಿಕ್ಸಿ ಸರಿಮಾಡಿದ್ದು ಅವಳೇ.
ದುಡ್ಡು ಬೇಡ ಅಂದಳು,
ಒಂದು ಬಾರು ಸೋಪು ಹಿಡಿದು ಹೋದಳು.’
ಇದನ್ನು ಬರೆಯಲು ಫಾರ್ಮಿನಲ್ಲಿ ಕಲಂ ಇಲ್ಲ.

ಮುರಕಲ್ಲಿನ ಗೋಡೆ, ಕಟ್ಟಿಹಾಕಿದ ನಾಯಿ,
ಕಾಪಿಯ ಜೊತೆಗೆ ಬಾಯಮ್ಮ ಕ್ಲೊತಿಲ್ಡಾ.
ಹುಟ್ಟಿದ್ದು ಗೋವೆಯಲ್ಲಿ,
ಪೋರ್ಚುಗೀಸರು ಗಂಟುಮೂಟೆ ಕಟ್ಟುವ ಹಿಂದಿನ ವರ್ಷ.
ಮಗ ರೊಯ್ಸ್ಟನ್ ಇಂಗ್ಲೆಂಡಿನಲ್ಲಿ,
ಗೋಡೌನಿನಲ್ಲಿ ರಾತ್ರಿಯಿಡೀ ಪೆಟ್ಟಿಗೆಗೆ ಟೇಪು ಅಂಟಿಸುವುದು.
ಪಾಸ್‌ಪೋರ್ಟು ಪೋರ್ಚುಗಲ್ಲಿನದು.
‘ಆ ದೇಶ ನೋಡಿದ್ದಾನಾ?’
‘ಇಲ್ಲ ಸರ್, ವಿಮಾನ ಮೇಲಿಂದಲೇ ಹೋಯಿತಂತೆ.’

ಸಹೋದರ: ವಿದೇಶಿ ಪ್ರಜೆ. ಬರೆದೆ.
ಅದರ ಕೆಳಗಿನ ಸಾಲು:
ಅಭ್ಯರ್ಥಿಗೆ ಬೇರೆ ದೇಶದ ಪೌರತ್ವ ಇದೆಯೇ
ಹೌದು / ಇಲ್ಲ.
‘ಇಲ್ಲ’ ಎಂದಳು ಲವೀನಾ, ನಗುತ್ತ.
ತಾಯಿ ನಗಲಿಲ್ಲ.
ಒಳಗೆ ಹೋದಳು. ಕಪಾಟು ಕಿರ್ ಎಂದಿತು.
ಬಿಸ್ಕತ್ತಿನ ಡಬ್ಬಿಯಿಂದ ಬಂದ ಕಾಗದದಲ್ಲಿ
ನಾವು ಯಾರೂ ಓದಲಾಗದ ಭಾಷೆ,
ನಾವೆಲ್ಲ ಓದಬಹುದಾದ ಎರಡು ಹೆಸರು.

‘ಅಣ್ಣನದು ಮಾಡಿಸುವಾಗ ಇವಳದೂ ಮಾಡಿಸಿದೆ.
ಹನ್ನೊಂದು ವರ್ಷ ಇವಳಿಗೆ.
ಎರಡನೆಯ ಮಗುವಿಗೆ ಅರ್ಧ ರೇಟು ಅಂದ ಏಜೆಂಟು.’

ಫ್ಯಾನು ತಿರುಗುತ್ತಿತ್ತು.
ಲವೀನಾ ತನ್ನ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿದಳು,
ಕರೆಂಟು ಉಂಟೋ ಇಲ್ಲವೋ ಎಂದು
ತಂತಿಯನ್ನು ಮುಟ್ಟುವ ಹಾಗೆ.

ನಾನು ಪೆನ್ನಿಗೆ ಮುಚ್ಚಳ ಹಾಕಿದೆ.
ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಮನೆಗೂ ಬಂದಿದ್ದರು ಒಬ್ಬರು,
ದಪ್ಪ ಮೀಸೆಯ ಹೆಡ್ಡು.
ಅಮ್ಮನ ತವರು ವಿಟ್ಲದ ಹತ್ತಿರ ಎಂದಾಗ
‘ಹೊರರಾಜ್ಯ’ ಎಂದು ಬರೆದು ಅಡಿಗೆರೆ ಎಳೆದರು.
‘ಎಂತ ಹೊರಗೆ ಮಾರಾಯ್ರೆ,
ಅಲ್ಲಿ ಹುಂಜ ಕೂಗಿದರೆ ಇಲ್ಲಿ ನಾವು ಏಳುವುದು’
ಎಂದಿದ್ದಳು ಅಮ್ಮ.
ಅಡಿಗೆರೆ ಹಾಗೇ ಉಳಿಯಿತು. ಕೆಲಸವೂ ಸಿಕ್ಕಿತು.
ಇದು ಅಂಥದ್ದಲ್ಲ, ನನಗೆ ಗೊತ್ತು.
ಈ ಕಾಗದ ನಾನು ನೋಡಲಿಲ್ಲ ಎನ್ನಲು
ಬಾಯಿ ತೆರೆದದ್ದೂ ನಿಜ.

‘ಬರೆಯಿರಿ ಸರ್’ ಎಂದಳು.
‘ಒಳಗೊಂದು ಲೂಸ್ ಕನೆಕ್ಷನ್ ಉಂಟೆಂದು ಗೊತ್ತಿದ್ದೂ
ಮೇಲೆ ಮುಚ್ಚಿ ಸ್ಕ್ರೂ ತಿರುಗಿಸಿದರೆ
ಅದು ಬಿಚ್ಚಿಕೊಳ್ಳುವುದು ನಡುಸಮುದ್ರದಲ್ಲಿ.’
ದನಿ ನಡುಗಿತು, ಕೈ ನಡುಗಲಿಲ್ಲ.
ತಾಯಿ ಖಾಲಿ ಲೋಟಗಳನ್ನು
ಒಂದರೊಳಗೊಂದು ಇಡುತ್ತ ನಿಂತಳು.

ರಾತ್ರಿ ಠಾಣೆಯಲ್ಲಿ ಕುಳಿತು ಬರೆದೆ.
ಅವಳ ಅರಿವಿಲ್ಲದೆ.
ಮಲಯಾಳದಲ್ಲಿಯೂ ಹೆಚ್ಚುಕಡಿಮೆ ಅದೇ ಮಾತು,
ಬಾಲ ಸ್ವಲ್ಪ ಉದ್ದ, ಅಷ್ಟೇ.
‘ತಾನಾಗಿ ಹಾಜರುಪಡಿಸಿದರು’ ಎಂದೂ ಸೇರಿಸಿದೆ,
ಯಾರು ಎಂದು ಬಿಡಿಸಿ ಹೇಳದೆ.
ಹೌದು / ಇಲ್ಲ ಎಂಬಲ್ಲಿಗೆ ಬಂದಾಗ
ಪೆನ್ನು ನಿಂತಿತು.
ಎರಡನ್ನೂ ಹೊಡೆಯಲಿಲ್ಲ. ನಡುವಿನ ಗೆರೆಯೊಂದಿಗೆ
ಇದ್ದ ಹಾಗೆಯೇ ಮೇಲಕ್ಕೆ ಕಳಿಸಿದೆ.
ಮೇಲಿನವರು ನೋಡಲಿ.

ಹೊರಡುವಾಗ ಗೇಟಿನವರೆಗೆ ಬಂದಿದ್ದಳು ಬಾಯಮ್ಮ,
ನಾಯಿಯನ್ನು ಗದರಿಸುತ್ತ.
‘ಸರ್, ಆ ಪುಸ್ತಕದಿಂದ ಇವಳ ಹೆಸರು ತೆಗೆಸಲು
ಎಷ್ಟಾಗುತ್ತದೆ?
ಅರ್ಧಕ್ಕೆ ಮಾಡಿಕೊಡುವವರು ಯಾರಾದರೂ ಉಂಟಾ?’